ಪ್ರೈಮಾಕ್ವಿನ್ ಕೊಡುವ ಮುನ್ನ ರೋಗಿಯ ರಕ್ತದ ಗುಣ ನೋಡಿ: ರಾಯಚೂರು ಜಿಲ್ಲಾ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳು,
ರಾಯಚೂರು.

ಗಮನಕ್ಕೆ: ತಾಲ್ಲೂಕು ಆರೋಗ್ಯಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಲ್ಯಾಬ್ ತಂತ್ರಜ್ಞರು, ಆಶಾ ಕಾರ್ಯಕರ್ತೆಯರು ಹಾಗೂ ಜಿಲ್ಲೆಯ ಸಾರ್ವಜನಿಕರು.

ಮಾನ್ಯರೇ,

ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಎಂದು ಖಚಿತವಾದ ಯಾರಿಗೇ ಆಗಲಿ, ಹದಿನಾಲ್ಕು ದಿನದ ಪ್ರೈಮಾಕ್ವಿನ್ ಗುಳಿಗೆ ಶುರು ಮಾಡುವ ಮುನ್ನ, ರಕ್ತದ ಒಂದು ಕಿಣ್ವವನ್ನು ಅಳೆಯುವ ಜಿ6ಪಿಡಿ ಪರೀಕ್ಷೆ ಆಗಬೇಕು. ಅದಕ್ಕಾಗಿ ರೋಗಿ ರಾಯಚೂರು ನಗರದವರೆಗೆ ಬರುವಂತಾಗಬಾರದು. ಮಾನ್ವಿ, ಸಿಂಧನೂರು, ಲಿಂಗಸುಗೂರು, ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳಲ್ಲೇ ಅದೇ ದಿನ ಫಲಿತಾಂಶ ಕೈಗೆ ಸಿಗಬೇಕು. ಜಿಲ್ಲೆಯಲ್ಲಿ ಜ್ವರದ ಚಿಕಿತ್ಸೆ ಮತ್ತು ರಕ್ತಪರೀಕ್ಷೆಯ ಕೆಲಸದಲ್ಲಿರುವ ನಾವು ಮುಖ್ಯವಾಗಿ ಕೇಳುತ್ತಿರುವುದು ಇದನ್ನೇ. ಯಾಕೆ ಕೇಳುತ್ತಿದ್ದೇವೆ, ಹೇಗೆ ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂಬುದನ್ನು ಬಿಡಿಸಿ ಬರೆದಿದ್ದೇವೆ.

ಮಲೇರಿಯಾ ಅಂದ ಕೂಡಲೇ ನಮ್ಮ ಗಮನ ಸೊಳ್ಳೆಯ ಕಡೆಗೆ, ಇಲ್ಲವೇ ಸ್ಲೈಡಿನಲ್ಲಿ ಕಾಣುವ ರೋಗಾಣುವಿನ ಕಡೆಗೆ ಹೋಗುತ್ತದೆ. ರೋಗಾಣು ಹೊಕ್ಕ ಮನುಷ್ಯನ ರಕ್ತಕ್ಕೂ ಅಷ್ಟೇ ಗಮನ ಬೇಕು. ಒಂದೇ ಓಣಿಯ, ಒಂದೇ ತೂಕದ ಇಬ್ಬರಿಗೆ ಒಂದೇ ಗುಳಿಗೆ ಕೊಟ್ಟಾಗ ಒಬ್ಬರು ವಾರದಲ್ಲಿ ಗದ್ದೆಗೆ ಇಳಿಯುತ್ತಾರೆ, ಇನ್ನೊಬ್ಬರಿಗೆ ಐದನೇ ದಿನ ರಕ್ತ ಏರಿಸಬೇಕಾಗಿ ಬರಬಹುದು. ಈ ವ್ಯತ್ಯಾಸ ಹುಟ್ಟಿನಿಂದಲೇ ಬಂದದ್ದು. ಮೊದಲೇ ತಿಳಿದುಕೊಳ್ಳುವ ದಾರಿಯೂ ಇದೆ.

ಈಗಲೇ ಕೇಳಲು ಕಾರಣ ಇದೆ. 2016ರಲ್ಲಿ ಹೊರಬಂದ ರಾಷ್ಟ್ರೀಯ ಮಲೇರಿಯಾ ನಿರ್ಮೂಲನಾ ಚೌಕಟ್ಟಿನ ಪ್ರಕಾರ 2027ರ ಹೊತ್ತಿಗೆ ದೇಶದಲ್ಲಿ ಸ್ಥಳೀಯವಾಗಿ ಹರಡಿದ ಮಲೇರಿಯಾ ಸೊನ್ನೆಗೆ ಬರಬೇಕು, 2030ಕ್ಕೆ ನಿರ್ಮೂಲನೆ ಆಗಬೇಕು. ಆ ಹಂತಕ್ಕೆ ಬಂದಾಗ ಒಬ್ಬೊಬ್ಬ ವೈವಾಕ್ಸ್ ರೋಗಿಯೂ ಪೂರ್ತಿ ಗುಣವಾಗಲೇಬೇಕು, ಅಂದರೆ ಪ್ರೈಮಾಕ್ವಿನ್ ಎಲ್ಲರಿಗೂ ಹದಿನಾಲ್ಕು ದಿನ ಮುಟ್ಟಬೇಕು. ಗುಳಿಗೆಯನ್ನು ಹೆಚ್ಚು ಬಿಗಿಯಾಗಿ ಕೊಡುತ್ತಾ ಹೋದಷ್ಟೂ ಅದು ಒಗ್ಗದವರಿಗೂ ತಪ್ಪದೆ ಮುಟ್ಟುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವೂ ಇದೆ. ಸುಗ್ಗಿ ಮುಗಿದ ಮೇಲೆ ಇಲ್ಲಿಂದ ಗುಳೆ ಹೋಗುವವರಲ್ಲಿ ಮಂಗಳೂರಿನ ಕಟ್ಟಡ ಕೆಲಸಕ್ಕೆ ಸೇರುವವರೂ ಇದ್ದಾರೆ. ಮಂಗಳೂರು ದಶಕಗಳ ಕಾಲ ವೈವಾಕ್ಸ್ ಹೆಚ್ಚಾಗಿ ಕಂಡ ನಗರ. ಅಲ್ಲಿ ಜ್ವರ ಬಂದು, ಮೂರು ದಿನ ಕ್ಲೋರೊಕ್ವಿನ್ ನುಂಗಿ, ಜ್ವರ ಬಿಟ್ಟಿತೆಂದು ಕೆಲಸಕ್ಕೆ ಮರಳಿದವರ ಯಕೃತ್ತಿನಲ್ಲಿ ವೈವಾಕ್ಸಿನ ಮಲಗಿದ ರೂಪ ಉಳಿದಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಊರಿಗೆ ಬಂದಾಗ ಅದು ಎದ್ದು ಮತ್ತೆ ಚಳಿಜ್ವರ ತರುತ್ತದೆ. ತುಂಗಭದ್ರಾ ಎಡದಂಡೆ ಮತ್ತು ನಾರಾಯಣಪುರ ಬಲದಂಡೆ ಕಾಲುವೆಗಳ ಕೆಳಗೆ, ಸೋರಿ ನಿಂತ ನೀರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ಬೆಳೆಯಲು ಜಾಗಕ್ಕೆ ಕೊರತೆಯಿಲ್ಲ. ಮಲಗಿದ ಆ ರೂಪವನ್ನು ಕ್ಲೋರೊಕ್ವಿನ್ ಮುಟ್ಟುವುದಿಲ್ಲ, ಪ್ರೈಮಾಕ್ವಿನ್ ಕೊಲ್ಲುತ್ತದೆ. ಹಾಗಾಗಿ ಪ್ರೈಮಾಕ್ವಿನ್ ಬೇಡ ಎಂದು ನಾವು ಹೇಳುತ್ತಿಲ್ಲ. ಅದು ಬೇಕೇ ಬೇಕು, ಮತ್ತು ಯಾರ ಮೈಗೆ ಒಗ್ಗುತ್ತದೆ ಎಂದು ನೋಡಿ ಕೊಡಬೇಕು.

ಜಿ6ಪಿಡಿ ಎಂಬುದು ಕೆಂಪು ರಕ್ತಕಣದಲ್ಲಿರುವ ಒಂದು ಕಿಣ್ವ. ಉತ್ಕರ್ಷಣದ ಹಾನಿಯಿಂದ ಕಣವನ್ನು ಕಾಯಲು ಗ್ಲುಟಾಥಯೋನ್ ಎಂಬ ವಸ್ತು ಬೇಕು. ಗ್ಲುಟಾಥಯೋನನ್ನು ಮತ್ತೆ ಮತ್ತೆ ಸಜ್ಜುಗೊಳಿಸಲು ಬೇಕಾದ ಎನ್‌ಎಡಿಪಿಎಚ್ ತಯಾರಾಗುವುದು ಈ ಕಿಣ್ವದ ಮೂಲಕ. ಬೇರೆ ಜೀವಕೋಶಗಳಿಗೆ ಇನ್ನೂ ದಾರಿಗಳಿವೆ, ಕೆಂಪು ಕಣಕ್ಕೆ ಇದೊಂದೇ. ಪ್ರೈಮಾಕ್ವಿನ್ ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತುಗಳು ಉತ್ಕರ್ಷಣ ಒತ್ತಡ ತರುತ್ತವೆ. ಕಿಣ್ವ ಕಡಿಮೆಯಿದ್ದರೆ ಹಿಮೋಗ್ಲೋಬಿನ್ ಕೆಟ್ಟು ಹೈನ್ಸ್ ಕಣಗಳೆಂಬ ಉಂಡೆಗಳಾಗಿ ಗಟ್ಟಿಯಾಗುತ್ತದೆ, ಗುಲ್ಮ ಅವುಗಳನ್ನು ಕಿತ್ತೆಸೆಯುತ್ತದೆ, ಸ್ಲೈಡಿನಲ್ಲಿ ಅಂಚು ಕಚ್ಚಿದ ಹಾಗೆ ಕಾಣುವ ಕಣಗಳು ಉಳಿಯುತ್ತವೆ. ಕೊನೆಗೆ ಕಣವೇ ಒಡೆಯುತ್ತದೆ. ಮಲೇರಿಯಾ ರೋಗಾಣು ಕೂಡ ಕಣದೊಳಗೆ ಇದೇ ಬಗೆಯ ಒತ್ತಡ ಹುಟ್ಟಿಸುವುದರಿಂದ ಕೊರತೆಯ ಕಣ ಅದಕ್ಕೆ ಒಳ್ಳೆಯ ನೆಲೆಯಾಗುವುದಿಲ್ಲ. ಮಲೇರಿಯಾ ಇದ್ದ ನಾಡುಗಳಲ್ಲೆಲ್ಲ ಈ ಕೊರತೆ ತಲೆಮಾರುಗಳುದ್ದಕ್ಕೂ ಉಳಿದು ಬಂದದ್ದಕ್ಕೆ ಇದೇ ಕಾರಣ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆಯೆಂದು ಅಂದಾಜು.

ಪ್ರೈಮಾಕ್ವಿನ್‌ನಿಂದ ರಕ್ತ ಒಡೆಯುವುದಕ್ಕೂ ಈ ಕಿಣ್ವಕ್ಕೂ ಇರುವ ನಂಟು ಗೊತ್ತಾದದ್ದು 1956ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ ನಡೆದ ಅಧ್ಯಯನಗಳಿಂದ. ಅಲ್ಲಿ ಕೊರತೆ ಇದ್ದವರು ಆಫ್ರಿಕನ್ ಮೂಲದವರು. ಅವರಲ್ಲಿರುವ ಕೊರತೆಯ ರೂಪದಲ್ಲಿ ಹಳೆಯ ಕಣಗಳು ಒಡೆದ ಮೇಲೆ ಹೊಸ ಕಣಗಳು ತಡೆದುಕೊಳ್ಳುತ್ತವೆ, ಗುಳಿಗೆ ಮುಂದುವರಿಸಿದರೂ ಒಡೆಯುವುದು ತಾನಾಗಿ ತಗ್ಗುತ್ತದೆ. ‘ಸ್ವಲ್ಪ ಇಳಿದು ಸರಿಹೋಗುತ್ತದೆ’ ಎಂಬ ಧೈರ್ಯ ವೈದ್ಯರಲ್ಲಿ ಬಂದದ್ದು ಅಲ್ಲಿಂದ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮೆಡಿಟರೇನಿಯನ್, ಕೇರಳ-ಕಲ್ಯಾಣ್ ಮತ್ತು ಒರಿಸ್ಸಾ ರೂಪಗಳು. ಮೆಡಿಟರೇನಿಯನ್ ರೂಪದಲ್ಲಿ ಕಿಣ್ವದ ಕೆಲಸ ಸಹಜದ ಶೇ. 10ಕ್ಕಿಂತ ಕಡಿಮೆ. ಎಳೆಯ ಕಣಗಳೂ ಒಡೆಯುತ್ತವೆ, ಗುಳಿಗೆ ನಿಲ್ಲಿಸುವವರೆಗೂ ಒಡೆಯುತ್ತಲೇ ಇರುತ್ತವೆ. ಆ ಹಳೆಯ ಧೈರ್ಯವನ್ನು ನಮ್ಮ ರೋಗಿಗಳ ಮೇಲೆ ಹೊರಿಸಬೇಡಿ.

ಪ್ರಮಾಣವನ್ನೂ ನೋಡೋಣ. ವೈವಾಕ್ಸಿಗೆ ದಿನಕ್ಕೆ ಕೆ.ಜಿ.ಗೆ 0.25 ಮಿ.ಗ್ರಾಂ, ವಯಸ್ಕರಿಗೆ 15 ಮಿ.ಗ್ರಾಂ. ಹದಿನಾಲ್ಕು ದಿನಕ್ಕೆ ಒಟ್ಟು ಕೆ.ಜಿ.ಗೆ 3.5 ಮಿ.ಗ್ರಾಂ ಆಗುತ್ತದೆ. 1ರಿಂದ 4 ವರ್ಷದ ಮಗುವಿಗೆ 2.5, 5ರಿಂದ 8ಕ್ಕೆ 5, 9ರಿಂದ 14ಕ್ಕೆ 10 ಮಿ.ಗ್ರಾಂ. ವರ್ಷ ತುಂಬದ ಕೂಸಿಗೆ, ಬಸುರಿಗೆ ಕೊಡುವಂತಿಲ್ಲ. ಹಾಲುಣಿಸುವ ತಾಯಿಗೆ ಕೊಡುವ ಮುನ್ನ ಕೂಸಿನ ವಿಚಾರವನ್ನೂ ವೈದ್ಯರು ನೋಡಬೇಕು. ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪ್ಯಾರಮ್‌ಗೆ ಎಸಿಟಿ (ಆರ್ಟಿಮಿಸಿನಿನ್ ಸೇರಿದ ಔಷಧ ಜೋಡಿ) ಜೊತೆ ಒಂದೇ ಬಾರಿ ಪ್ರೈಮಾಕ್ವಿನ್. 2013ರ ರಾಷ್ಟ್ರೀಯ ಔಷಧ ನೀತಿಯಂತೆ ಎರಡನೇ ದಿನ ಕೆ.ಜಿ.ಗೆ 0.75 ಮಿ.ಗ್ರಾಂ, ವಯಸ್ಕರಿಗೆ 45. ವಿಶ್ವ ಆರೋಗ್ಯ ಸಂಸ್ಥೆ 2012ರಿಂದ ಹೇಳುತ್ತಿರುವುದು ಒಂದೇ ಬಾರಿಗೆ ಕೆ.ಜಿ.ಗೆ 0.25 ಮಿ.ಗ್ರಾಂ ಮಾತ್ರ, ಅಷ್ಟಕ್ಕೆ ಪರೀಕ್ಷೆ ಕಡ್ಡಾಯವಲ್ಲ. ಅಪಾಯ ಬೆಳೆಯುವುದು ದಿನದಿಂದ ದಿನಕ್ಕೆ ಸೇರುವ ಗುಳಿಗೆಯಲ್ಲಿ. ಅದಕ್ಕೇ ನಮ್ಮ ಒತ್ತು ವೈವಾಕ್ಸಿನ ಮೇಲೆ.

ಈ ಕೊರತೆ ಗಂಡಸರಿಗೆ ಮಾತ್ರ ಎಂಬ ಮಾತು ಆಸ್ಪತ್ರೆಗಳಲ್ಲೂ ಕೇಳಿಬರುತ್ತದೆ. ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡಸಿಗೆ ಎಕ್ಸ್ ಒಂದೇ ಆದ್ದರಿಂದ ಇದ್ದರೆ ಪೂರ್ತಿ ಕೊರತೆ, ಇಲ್ಲದಿದ್ದರೆ ಪೂರ್ತಿ ಸಹಜ. ಹೆಂಗಸಿಗೆ ಎರಡು ಎಕ್ಸ್ ಇದ್ದು ಒಂದೊಂದು ಕಣದ ಮೂಲಕೋಶದಲ್ಲಿ ಒಂದೊಂದು ಮಾತ್ರ ಕೆಲಸ ಮಾಡುತ್ತದೆ. ಒಂದು ಎಕ್ಸ್ ಮೇಲೆ ಮಾತ್ರ ಕೊರತೆ ಹೊತ್ತ ವಾಹಕಿಯ ರಕ್ತದಲ್ಲಿ ಸಜ್ಜೆ ಬೆರೆತ ಜೋಳದ ಹಾಗೆ ಎರಡೂ ಬಗೆಯ ಕಣಗಳು ಕೂಡಿರುತ್ತವೆ. ಬೆರಕೆ ಎಷ್ಟೆಂಬುದು ಒಬ್ಬೊಬ್ಬರಲ್ಲಿ ಬೇರೆ. ಕೊರತೆಯ ಕಣ ಅರ್ಧಕ್ಕಿಂತ ಹೆಚ್ಚಿರುವ ಹೆಣ್ಣುಮಗಳಿಗೆ ಪ್ರೈಮಾಕ್ವಿನ್ ಚೆನ್ನಾಗಿಯೇ ಹೊಡೆತ ಕೊಡಬಲ್ಲದು.

ನಮ್ಮ ಭಾಗದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ತಂದೆಗೆ ಕೊರತೆ ಇದ್ದು ತಾಯಿ ವಾಹಕಿಯಾದರೆ ಹುಟ್ಟುವ ಪ್ರತಿ ಹೆಣ್ಣುಮಗುವಿಗೂ ಎರಡೂ ಎಕ್ಸ್‌ನಲ್ಲಿ ಕೊರತೆ ಬರುವ ಸಂಭವ ಅರ್ಧಕ್ಕರ್ಧ. ಸೋದರಿಕೆಯ ಮದುವೆಗಳಲ್ಲಿ ಇಂಥ ಜೋಡಿ ಕೂಡುವ ಸಾಧ್ಯತೆ ಹೆಚ್ಚು. ಹಾಗಾಗಿ ಇಲ್ಲಿ ಹೆಂಗಸರನ್ನು ಪರೀಕ್ಷೆಯಿಂದ ಬಿಡುವುದು ಸರಿಯಲ್ಲ. ಒಬ್ಬ ಗಂಡಸಿಗೆ ಕೊರತೆ ಕಂಡರೆ ಅವನ ತಾಯಿ, ತಾಯಿಯ ಕಡೆಯ ಸೋದರಮಾವಂದಿರು, ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಅವರ ಗಂಡುಮಕ್ಕಳು, ಅವನ ಹೆಣ್ಣುಮಕ್ಕಳು ಪರೀಕ್ಷೆಗೆ ಬರಬೇಕು. ಅವನ ಗಂಡುಮಕ್ಕಳಿಗೆ ಅವನಿಂದ ಇದು ಬರುವುದಿಲ್ಲ.

ಇನ್ನು ಪರೀಕ್ಷೆ. ಕಡಿಮೆ ಖರ್ಚಿನ ಹಳೆಯ ವಿಧಾನ ಹೊಳಪುಚುಕ್ಕೆ ಪರೀಕ್ಷೆ. ರಕ್ತವನ್ನು ದ್ರಾವಣದಲ್ಲಿ ಬೆರೆಸಿ, ಸೊನ್ನೆ, ಐದು ಮತ್ತು ಹತ್ತನೇ ನಿಮಿಷಕ್ಕೆ ಫಿಲ್ಟರ್ ಕಾಗದದ ಮೇಲೆ ಒಂದೊಂದು ಚುಕ್ಕೆ ಇಟ್ಟು, ಪೂರ್ತಿ ಒಣಗಿಸಿ, 365 ನ್ಯಾನೊಮೀಟರಿನ ಅತಿನೇರಳೆ ದೀಪದಡಿ ನೋಡುವುದು. ಕಿಣ್ವ ಸರಿಯಿದ್ದರೆ ಚುಕ್ಕೆ ಹೊತ್ತು ಕಳೆದಂತೆ ಹೊಳೆಯುತ್ತದೆ, ಕೊರತೆ ಇದ್ದರೆ ಕಪ್ಪಗೇ ಉಳಿಯುತ್ತದೆ. ತಪ್ಪುವುದು ಸಣ್ಣ ವಿಷಯಗಳಲ್ಲಿ: ಕಿಟಕಿ ಮುಚ್ಚದ ಕೋಣೆ, ಶಕ್ತಿ ಕುಂದಿದ ದೀಪ, ಹಸಿಯಾಗಿರುವಾಗಲೇ ನೋಡಿದ ಚುಕ್ಕೆ. ಸಹಜ ಎಂದು ಗೊತ್ತಿರುವ ಒಂದು ರಕ್ತ, ಕೊರತೆ ಎಂದು ಗೊತ್ತಿರುವ ಒಂದು ರಕ್ತ ಪಕ್ಕದಲ್ಲಿ ಇಲ್ಲದೆ ಈ ಪರೀಕ್ಷೆಯ ಫಲಿತಾಂಶ ಬರೆಯಬಾರದು. ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದಾಗ ಕಣಗಳೇ ಕಡಿಮೆಯಾಗಿ ಸಹಜ ರಕ್ತವೂ ಮಂಕಾಗಿ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಮಿತಿ, ಇದು ಕಿಣ್ವದ ಕೆಲಸ ಸಹಜದ ಶೇ. 30ಕ್ಕಿಂತ ಕೆಳಗಿಳಿದ ಕೊರತೆಯನ್ನಷ್ಟೇ ನೆಚ್ಚಿಕೆಯಿಂದ ಹಿಡಿಯುತ್ತದೆ. ಶೇ. 30ರಿಂದ 70ರ ನಡುವಿನ ವಾಹಕಿಯರು ಇದರಲ್ಲಿ ಸಹಜ ಎಂದೇ ತೋರುತ್ತಾರೆ.

ಅದಕ್ಕೇ ತಾಲ್ಲೂಕು ಆಸ್ಪತ್ರೆಗಳಿಗೆ ಅಂಕಿಯಲ್ಲಿ ಫಲಿತಾಂಶ ಕೊಡುವ ಕೈಮಾಪಕ ಬೇಕೆಂದು ಕೇಳುತ್ತಿದ್ದೇವೆ. ಬೆರಳಿನಿಂದ 10 ಮೈಕ್ರೊಲೀಟರ್ ರಕ್ತ ಸಾಕು. ಹಿಮೋಗ್ಲೋಬಿನ್ನಿನ ಗ್ರಾಮಿಗೆ ಕಿಣ್ವ ಎಷ್ಟು ಯೂನಿಟ್ ಎಂಬುದನ್ನೂ ಹಿಮೋಗ್ಲೋಬಿನ್ ಎಷ್ಟೆಂಬುದನ್ನೂ ಕೆಲವೇ ನಿಮಿಷದಲ್ಲಿ ಒಟ್ಟಿಗೆ ಹೇಳುತ್ತದೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಮಾಪಕದಲ್ಲಿ 4.0 ಮತ್ತು ಅದಕ್ಕಿಂತ ಕಡಿಮೆ ಬಂದರೆ ಕೊರತೆ (ಶೇ. 30ರೊಳಗೆ), 4.1ರಿಂದ 6.0ರವರೆಗೆ ಹೆಂಗಸರಲ್ಲಿ ನಡುಮಟ್ಟ (ಶೇ. 30ರಿಂದ 70), ಅದಕ್ಕೂ ಮೇಲೆ ಸಹಜ. ಬೇರೆ ಮಾಪಕ ಕೊಂಡರೆ ಅದರದೇ ಗಡಿ ಅಂಕಿಗಳನ್ನು ಗೋಡೆಗೆ ಬರೆದು ಹಚ್ಚಿ, ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಇಲ್ಲೂ ಎಡವುವ ಜಾಗಗಳಿವೆ. ಬೆರಳನ್ನು ಹಿಂಡಿ ಹಿಂಡಿ ತೆಗೆದರೆ ಅಂಗಾಂಶದ ನೀರು ಬೆರೆಯುತ್ತದೆ. ಮೊದಲ ಹನಿ ಒರೆಸಿ ಎರಡನೆಯದನ್ನು ಹಿಡಿಯಬೇಕು. ಕೊಳವೆಯಲ್ಲಿ ಗಾಳಿಗುಳ್ಳೆ ಬಂದರೆ ರಕ್ತದ ಅಳತೆ ತಪ್ಪಿತೆಂದೇ ಅರ್ಥ. ದ್ರಾವಣದಲ್ಲಿ ಎಂಟು ಹತ್ತು ಸಲ ಹೀರಿ ಬಿಟ್ಟು ಬೆರೆಸದಿದ್ದರೆ ಅಂಕಿ ಸುಳ್ಳಾಗುತ್ತದೆ. ಮಾಪಕಕ್ಕೆ ಹಾಕುವ ಪರೀಕ್ಷಾಪಟ್ಟಿಗಳ (ಸ್ಟ್ರಿಪ್) ಹೊಸ ಬ್ಯಾಚ್ ತೆರೆದಾಗ ಅದರ ಜೊತೆ ಬಂದ ಕೋಡ್ ಚಿಪ್ಪನ್ನೇ ಹಾಕಬೇಕು. ರಾಯಚೂರಿನ ಬೇಸಿಗೆಯಂತೂ ಬೇರೆಯೇ ಸಮಸ್ಯೆ: ಇಂಥ ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು, ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟುತ್ತದೆ. ಕಬ್ಬಿಣದ ಬೀರುವಿನಲ್ಲೋ ಜೀಪಿನ ಹಿಂಬದಿಯಲ್ಲೋ ಇಟ್ಟ ಡಬ್ಬಿಯನ್ನು ನಂಬುವಂತಿಲ್ಲ. ಪಟ್ಟಿಗಳನ್ನು ಲ್ಯಾಬಿನ ಫ್ರಿಜ್ಜಿನಲ್ಲಿ ಇಡಿ, ಬಳಸುವ ಮುನ್ನ ಪೊಟ್ಟಣ ಒಡೆಯದೆ ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ. ಮಾದರಿಯನ್ನೇ ಬೇರೆಡೆ ಕಳಿಸುವುದಾದರೆ ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ, 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದ ರಕ್ತ ಕೆಲಸಕ್ಕೆ ಬಾರದು.

ಕೊರತೆ ಎಂದು ಬಂದ ಫಲಿತಾಂಶವನ್ನು ಹೊಸ ಹನಿಯಿಂದ ಇನ್ನೊಮ್ಮೆ ನೋಡಿ. ಸಹಜ ಎಂದು ಬಂದದ್ದನ್ನೂ ಕಣ್ಣುಮುಚ್ಚಿ ನಂಬಲಾಗದ ಎರಡು ಸಂದರ್ಭ ಇವೆ. ರೋಗಿಗೆ ಇತ್ತೀಚೆಗೆ ರಕ್ತ ಕೊಟ್ಟಿದ್ದರೆ ನೀವು ಅಳೆಯುತ್ತಿರುವುದು ದಾನಿಯ ಕಿಣ್ವವನ್ನು. ಇದೀಗ ರಕ್ತ ಒಡೆದು ಚೇತರಿಸಿಕೊಳ್ಳುತ್ತಿದ್ದರೆ ಎಳೆಯ ಕಣಗಳೇ ತುಂಬಿರುತ್ತವೆ, ಅವುಗಳಲ್ಲಿ ಕಿಣ್ವ ಹೆಚ್ಚಿರುವುದರಿಂದ ಕೊರತೆ ಮರೆಯಾಗುತ್ತದೆ. ಇಬ್ಬರನ್ನೂ ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು. ಅನುಮಾನ ಬಂದ ಮಾದರಿಗಳಿಗೆ 340 ನ್ಯಾನೊಮೀಟರಿನಲ್ಲಿ ಸ್ಪೆಕ್ಟ್ರೊಫೋಟೊಮೀಟರ್ ಅಳತೆಯನ್ನು ರಾಯಚೂರಿನ ವೈದ್ಯಕೀಯ ಕಾಲೇಜಾದ ರಿಮ್ಸ್ ಪ್ರಯೋಗಾಲಯದಲ್ಲಿ ಏರ್ಪಡಿಸಿದರೆ ಇಡೀ ಜಿಲ್ಲೆಗೆ ಒಂದು ಆಧಾರ ಸಿಗುತ್ತದೆ.

ಫಲಿತಾಂಶ ಬಂದ ಮೇಲೆ ಮಾಡಬೇಕಾದದ್ದು ಸರಳ. ಶೇ. 70ಕ್ಕಿಂತ ಮೇಲಿದ್ದರೆ ಹದಿನಾಲ್ಕು ದಿನ ನಿಶ್ಚಿಂತೆಯಿಂದ ಕೊಡಿ. ನಡುಮಟ್ಟದ ಹೆಂಗಸರಿಗೆ ವೈದ್ಯರ ನಿಗಾದಲ್ಲಿ, ಮೂರನೇ ಮತ್ತು ಏಳನೇ ದಿನ ಹಿಮೋಗ್ಲೋಬಿನ್ ನೋಡಿಕೊಂಡು ಕೊಡಿ. ಶೇ. 30ಕ್ಕಿಂತ ಕಡಿಮೆಯಾದರೆ ದಿನದ ಗುಳಿಗೆ ಬೇಡ. ವಾರಕ್ಕೊಮ್ಮೆ ಕೆ.ಜಿ.ಗೆ 0.75 ಮಿ.ಗ್ರಾಂನಂತೆ ಎಂಟು ವಾರ, ವೈದ್ಯರ ಕಣ್ಣೆದುರಿನಲ್ಲಿ, ಹಿಮೋಗ್ಲೋಬಿನ್ ನೋಡುತ್ತಾ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಲೋರೊಕ್ವಿನ್ ಮಾತ್ರ ಯಾರಿಗೂ ತಡವಾಗಬಾರದು. ಪರೀಕ್ಷೆಗೆ ಕಾಯುತ್ತಾ ಅದನ್ನು ನಿಲ್ಲಿಸಿಕೊಳ್ಳಬೇಡಿ. ಮೊದಲ ಎರಡು ದಿನ ಕೆ.ಜಿ.ಗೆ 10, ಮೂರನೇ ದಿನ 5 ಮಿ.ಗ್ರಾಂ ಎಂದಿನಂತೆ ಸಾಗಲಿ, ಜಿ6ಪಿಡಿ ಕೊರತೆಗೆ ಅದು ತೊಂದರೆ ಮಾಡುವುದಿಲ್ಲ. ಆ ಮೂರು ದಿನವೇ ಪರೀಕ್ಷೆಗೆ ಸಿಗುವ ಬಿಡುವು.

ಮಾಪಕ ಬರುವವರೆಗೂ ಸುಮ್ಮನೆ ಕೂರಬೇಕಿಲ್ಲ. ಗುಳಿಗೆ ಕೊಡುವ ಮುನ್ನ ನಾಲ್ಕು ಮಾತು ಕೇಳಿ: ಹಿಂದೆ ಯಾವುದಾದರೂ ಗುಳಿಗೆ ನುಂಗಿದಾಗ ಮೂತ್ರ ಕಪ್ಪಾಗಿತ್ತೇ? ಹುಟ್ಟಿದ ವಾರದಲ್ಲಿ ಜೋರು ಕಾಮಾಲೆ ಆಗಿ ನೀಲಿ ಬೆಳಕಿನಡಿ ಇಟ್ಟಿದ್ದರೇ? ಯಾವಾಗಲಾದರೂ ದಿಢೀರನೆ ರಕ್ತ ಕಡಿಮೆಯಾಗಿ ರಕ್ತ ಹಾಕಿಸಿಕೊಂಡಿದ್ದರೇ? ತಾಯಿಯ ಕಡೆಯ ಗಂಡಸರಲ್ಲಿ ಯಾರಿಗಾದರೂ ಹೀಗಾಗಿದೆಯೇ? ಒಂದಕ್ಕೆ ಹೌದೆಂದರೂ ಮೇಲಿನ ಆಸ್ಪತ್ರೆಗೆ ಕಳಿಸಿ. ಎಲ್ಲಕ್ಕೂ ಇಲ್ಲ ಎಂದ ಮಾತ್ರಕ್ಕೆ ಕೊರತೆ ಇಲ್ಲವೆಂದಲ್ಲ, ಬಹಳಷ್ಟು ಜನರಿಗೆ ಈ ಗುಳಿಗೆ ನುಂಗುವವರೆಗೂ ಏನೂ ತೊಂದರೆ ಇರುವುದಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆ ಮೂರನೇ, ಐದನೇ ಮತ್ತು ಏಳನೇ ದಿನ ಮನೆಗೆ ಹೋಗಿ ನೋಡುವುದು ಅಗತ್ಯ. ಒಡೆಯುವುದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಶುರುವಾಗುತ್ತದೆ. ಕಪ್ಪು ಮೂತ್ರ, ಹಳದಿ ಕಣ್ಣು, ನೀಲಿ ತುಟಿ, ಹೊಟ್ಟೆನೋವು, ಓಕರಿಕೆ, ವಾಂತಿ, ಏದುಸಿರು ಕಂಡರೆ ಗುಳಿಗೆ ನಿಲ್ಲಿಸಿ ಬರಬೇಕೆಂದು ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಅದನ್ನು ರೋಗಿಗೆ ಮಾತ್ರವಲ್ಲ, ಮನೆಯ ಇನ್ನೊಬ್ಬರಿಗೂ ಬಾಯಿಬಿಟ್ಟು ಹೇಳಬೇಕು.

ಮೂತ್ರದ ಬಣ್ಣ ನೋಡುವುದು ನಮ್ಮ ಬಿಸಿಲಿನ ನಾಡಿನಲ್ಲಿ ಅಷ್ಟು ಸಲೀಸಲ್ಲ. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರ ಮೂತ್ರ ನೀರು ಸಾಲದೆ ಯಾವಾಗಲೂ ಗಾಢ ಹಳದಿ. ಕ್ಷಯಕ್ಕೆ ರಿಫಾಂಪಿಸಿನ್ ನುಂಗುತ್ತಿದ್ದರೆ ಕಿತ್ತಳೆ. ಇವೆರಡನ್ನೂ ಕಂಡು ಗಾಬರಿಯಿಂದ ಗುಳಿಗೆ ಬಿಡಿಸಿದರೆ ಮಲೇರಿಯಾ ಉಳಿಯುತ್ತದೆ. ನೋಡುವ ಕ್ರಮ ಹೀಗೆ: ಬೆಳಗಿನ ಮೂತ್ರವನ್ನು ಬಣ್ಣವಿಲ್ಲದ ಬಾಟಲಿಯಲ್ಲಿ ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು, ಹಗಲು ಬೆಳಕಿನಲ್ಲಿ ನೋಡಬೇಕು. ನೀರು ಕಡಿಮೆಯಾದ ಮೂತ್ರ ಎಷ್ಟೇ ದಟ್ಟವಾದರೂ ಹಳದಿಯ ಕಡೆಗೇ ಇರುತ್ತದೆ, ಎರಡು ಚೊಂಬು ನೀರು ಕುಡಿಸಿದ ಮೇಲೆ ತಿಳಿಯಾಗುತ್ತದೆ. ಹಿಮೋಗ್ಲೋಬಿನ್ ಬೆರೆತ ಮೂತ್ರ ಹಾಲು ಹಾಕದ ಚಹಾದ ಕೆಂಪುಗಪ್ಪು, ನೀರು ಕುಡಿಸಿದರೂ ಅದರ ಕೆಂಪು ಹೋಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಿಪ್‌ಸ್ಟಿಕ್ ಅದ್ದಿದಾಗ ರಕ್ತ ಇದೆ ಎಂದು ತೋರಿಸಿ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣ ಕಾಣದಿದ್ದರೆ ರಕ್ತ ಒಡೆದಿದೆ ಎಂದೇ ತಿಳಿಯಿರಿ. ಹಾಗಾದಾಗ ಪ್ರೈಮಾಕ್ವಿನ್ ನಿಲ್ಲಿಸಿ, ದ್ರವ ಕೊಡುತ್ತಾ, ಹಿಮೋಗ್ಲೋಬಿನ್, ಬಿಲಿರುಬಿನ್, ಕ್ರಿಯಾಟಿನಿನ್ ನೋಡಬೇಕು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ರಕ್ತ ಕೊಡಬೇಕು. ತುಟಿ ನೀಲಿಯಾಗಿದೆ ಎಂದು ಮೆಥಿಲೀನ್ ಬ್ಲೂ ಕೊಡಬಾರದು, ಈ ಕೊರತೆಯಲ್ಲಿ ಅದೇ ರಕ್ತವನ್ನು ಇನ್ನಷ್ಟು ಒಡೆಯುತ್ತದೆ.

ಈ ಪರೀಕ್ಷೆಯ ಉಪಯೋಗ ಮಲೇರಿಯಾಕ್ಕೆ ಮುಗಿಯುವುದಿಲ್ಲ. ಕುಷ್ಠರೋಗದ ಚಿಕಿತ್ಸೆಯಲ್ಲಿರುವ ಡಾಪ್ಸೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಕೂಡ ಈ ಕೊರತೆ ಇರುವವರಿಗೆ ಆಗದು. ಬಾಣಂತಿ ಕೋಣೆಯ ಬಟ್ಟೆಗಳಲ್ಲಿ ಡಾಂಬರು ಗುಳಿಗೆ ಇಡುವ ಅಭ್ಯಾಸ ಕೊರತೆ ಇರುವ ಕೂಸಿಗೆ ಜೀವಕ್ಕೇ ಕುತ್ತು. ಇವರು ತಿನ್ನಬಾರದೆಂದು ಹೇಳುವ ಫಾವಾ ಬೀಜ ನಮ್ಮ ಅವರೆಯಲ್ಲ. ಅವರೆ, ಅಲಸಂದೆ ಬಿಡಿಸಿ ಬಡವರ ಮನೆಯ ಕಾಳನ್ನು ಕಸಿಯುವುದು ಬೇಡ.

ಎರಡನೆಯ ವಿಷಯ ಸಿಕಲ್ ಸೆಲ್, ಕೆಂಪು ಕಣ ಕುಡುಗೋಲಿನಂತೆ ಬಾಗುವ ವಂಶವಾಹಿ ಕಾಯಿಲೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಇದೆ. 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ ಅದರ ಗುರಿ. ಈ ಕಾಯಿಲೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಮುಂದೆ ಭಾರತಕ್ಕೇ ಬಂದು ನೆಲೆಸಿದ ವಿಜ್ಞಾನಿ ಹಾಲ್ಡೇನ್ 1949ರಲ್ಲೇ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶವಾಹಿ ಕಾಯಿಲೆಯಾದ ಥಲಸ್ಸೀಮಿಯಾದ ಬಗ್ಗೆ ಇಂಥದೇ ಊಹೆ ಮುಂದಿಟ್ಟಿದ್ದರು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದವರಿಗೆ ತೀವ್ರ ಫಾಲ್ಸಿಪ್ಯಾರಮ್ ಮಲೇರಿಯಾದಿಂದ ಸುಮಾರು ಶೇ. 90ರಷ್ಟು ರಕ್ಷಣೆ ಇರುವುದು ನಿಜ. ಆದರೆ ಅರ್ಧ ತಿಳಿದ ಈ ಮಾತು ತಪಾಸಣಾ ಶಿಬಿರಗಳಲ್ಲಿ ‘ನಿಮಗೆ ಮಲೇರಿಯಾ ಬರುವುದಿಲ್ಲ’ ಎಂದಾಗಿಬಿಟ್ಟರೆ ಅನಾಹುತ. ವಾಹಕರಿಗೂ ಸೋಂಕು ತಗಲುತ್ತದೆ, ಅವರಿಂದ ಸೊಳ್ಳೆಗೂ ದಾಟುತ್ತದೆ, ರಕ್ಷಣೆ ಇರುವುದು ಮುಖ್ಯವಾಗಿ ಸಾವಿನಂಚಿಗೆ ಒಯ್ಯುವ ತೀವ್ರತೆಯಿಂದ. ಇಬ್ಬರಿಂದಲೂ ಪಡೆದು ಕಾಯಿಲೆಯೇ ಇರುವವರಿಗೆ ಮಲೇರಿಯಾ ಬಂದರೆ ಅದು ತುರ್ತುಸ್ಥಿತಿ. ಅಂಥ ಮಗುವಿಗೆ ಜ್ವರ ಬಂದ ದಿನವೇ ಸ್ಲೈಡ್ ಆಗಬೇಕು.

ತಪಾಸಣೆಯ ತಂಡಗಳಿಗೆ ಒಂದು ಮಾತು. 2 ಮಿ.ಲೀ. ದ್ರಾವಣಕ್ಕೆ 20 ಮೈಕ್ರೊಲೀಟರ್ ರಕ್ತ ಹಾಕಿ, ಐದು ನಿಮಿಷ ಬಿಟ್ಟು, ಹಿಂದಿನ ಕಪ್ಪು ಗೆರೆಗಳು ಕಾಣುತ್ತವೆಯೇ ಎಂದು ನೋಡುವ ಕರಗುವಿಕೆ ಪರೀಕ್ಷೆ ವಾಹಕರನ್ನೂ ಕಾಯಿಲೆಯವರನ್ನೂ ಬೇರ್ಪಡಿಸುವುದಿಲ್ಲ. ಆರು ತಿಂಗಳೊಳಗಿನ ಕೂಸಿನಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇರುವವರಲ್ಲಿ ಇಲ್ಲ ಎಂದು ತಪ್ಪು ಹೇಳಬಹುದು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಖಚಿತಪಡಿಸುವವರೆಗೆ ಯಾರ ಕೈಗೂ ಕಾರ್ಡ್ ಕೊಡಬೇಡಿ. ಇದು ಬುಡಕಟ್ಟು ಜನರ ಕಾಯಿಲೆ ಎಂದು ಹಣೆಪಟ್ಟಿ ಹಚ್ಚುವುದೂ ಬೇಡ, ಮಧ್ಯಭಾರತದಲ್ಲಿ ಇತರ ಅನೇಕ ಸಮುದಾಯಗಳಲ್ಲೂ ಇದು ಇದೆ. ಕಡಿಮೆ ಹಿಮೋಗ್ಲೋಬಿನ್ ಕಂಡವರಿಗೆಲ್ಲ ಕಬ್ಬಿಣದ ಗುಳಿಗೆ ಬರೆಯುವ ಮೊದಲು, ಕಣ ಚಿಕ್ಕದಾಗಿದ್ದೂ ಕಣಗಳ ಸಂಖ್ಯೆ ಹೆಚ್ಚಿದ್ದರೆ ಥಲಸ್ಸೀಮಿಯಾ ವಾಹಕರೇ ಎಂದು ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ನೋಡಿ, ಶೇ. 3.5ಕ್ಕಿಂತ ಹೆಚ್ಚಿದ್ದರೆ ಹೌದು.

ಇಂಥ ಗುಣಗಳು ಎರಡು ಕೂಡಿದರೆ ರಕ್ಷಣೆ ಇಮ್ಮಡಿ ಆಗುತ್ತದೆ ಎಂದು ಎಣಿಸುವಂತಿಲ್ಲ. ಕೀನ್ಯಾದ ಕಿಲಿಫಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕಲ್ ವಾಹಕರೂ ಆಗಿ ಆಲ್ಫಾ ಥಲಸ್ಸೀಮಿಯಾವೂ ಇದ್ದ ಮಕ್ಕಳಿಗೆ ರಕ್ಷಣೆ ಹೆಚ್ಚುಕಡಿಮೆ ಇಲ್ಲವಾಗಿತ್ತು, ಒಂದರ ಉಪಕಾರವನ್ನು ಇನ್ನೊಂದು ಅಳಿಸಿತ್ತು. ವಂಶವಾಹಿಯ ವರದಿ ನೋಡಿ ಯಾರಿಗೂ ಅಭಯ ಕೊಡಬಾರದು ಎನ್ನಲು ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ.

ರಕ್ತದ ಗುಂಪಿನ ವಿಚಾರವನ್ನು ಚುಟುಕಾಗಿ ಹೇಳುತ್ತೇವೆ. ಓ ಗುಂಪಿನವರಲ್ಲಿ ಸೋಂಕಿತ ಕಣಗಳು ಬೇರೆ ಕಣಗಳೊಂದಿಗೆ ಗುಂಪುಗೂಡುವುದು ಕಡಿಮೆ, ಆದ್ದರಿಂದ ತೀವ್ರ ಫಾಲ್ಸಿಪ್ಯಾರಮ್ ಸ್ವಲ್ಪ ಕಡಿಮೆ. ಸೋಂಕು ಮಾತ್ರ ಎಲ್ಲರಿಗೂ ತಗಲುತ್ತದೆ. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ಕೆಂಪು ಕಣದ ಮೇಲೆ ಡಫ್ಫಿ ಎಂಬ ಪ್ರೋಟೀನ್ ಇಲ್ಲ, ಅದರಿಂದ ಅಲ್ಲಿ ವೈವಾಕ್ಸ್ ವಿರಳ ಎಂದು 1976ರಲ್ಲಿ ತಿಳಿಯಿತು. ನಮ್ಮವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಡಫ್ಫಿ ಇದೆ, ವೈವಾಕ್ಸಿಗೆ ಬಾಗಿಲು ತೆರೆದೇ ಇದೆ. ‘ಕಾಲುವೆ ನೀರಿನವರು ನಾವು, ಮಲೇರಿಯಾ ಮೈಗೂಡಿದೆ’ ಎಂಬ ಮಾತನ್ನೂ ನಂಬಬೇಡಿ. ಪದೇ ಪದೇ ಸೋಂಕಿನಿಂದ ಬರುವ ತಡೆಶಕ್ತಿ ಸೋಂಕು ನಿಂತ ಮೇಲೆ ಕರಗುತ್ತದೆ.

ಹದಿನಾಲ್ಕು ದಿನ ಗುಳಿಗೆ ಸರಿಯಾಗಿ ನುಂಗಿದರೂ ಮತ್ತೆ ಮತ್ತೆ ವೈವಾಕ್ಸ್ ಮರುಕಳಿಸುವ ಕೆಲವರಿದ್ದಾರೆ. ಪ್ರೈಮಾಕ್ವಿನ್ ಕೆಲಸ ಮಾಡಬೇಕಾದರೆ ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಪರಿವರ್ತಿಸಬೇಕು. ಹುಟ್ಟಿನಿಂದ ಆ ಕಿಣ್ವ ದುರ್ಬಲವಾಗಿರುವವರಲ್ಲಿ ಗುಳಿಗೆ ಹೊಟ್ಟೆ ಸೇರಿದರೂ ಪೂರ್ತಿ ಕೆಲಸ ಮಾಡುವುದಿಲ್ಲ ಎಂದು 2013ರಲ್ಲಿ ತೋರಿಸಲಾಯಿತು. ಇಂಥವರನ್ನು ‘ಗುಳಿಗೆ ಚೆಲ್ಲಿದ್ದಾರೆ’ ಎಂದು ಬೈದು ಕಳಿಸುವುದು ಅನ್ಯಾಯ. ಮೊದಲು ದಿನವೂ ಕಣ್ಣೆದುರಿನಲ್ಲಿ ನುಂಗಿಸಿ ಖಚಿತಪಡಿಸಿಕೊಳ್ಳಿ, ಆಮೇಲೂ ಮರುಕಳಿಸಿದರೆ ರಿಮ್ಸ್ ವೈದ್ಯರ ಗಮನಕ್ಕೆ ತನ್ನಿ. ಮರುಕಳಿಸಿತು ಎಂದು ಬರೆಯುವ ಮುನ್ನ ಸ್ಲೈಡ್ ಕಡ್ಡಾಯ.

ಫಲಿತಾಂಶದ ಗುಟ್ಟು ಕಾಯುವ ಬಗ್ಗೆ ನಿಮ್ಮಿಂದ ಲಿಖಿತ ಆದೇಶ ಬೇಕು. ವಾಹಕಿ ಎಂಬ ಮಾತು ಊರಲ್ಲಿ ಹರಡಿದರೆ ಆ ಹುಡುಗಿಗೆ ಸಂಬಂಧ ಕೂಡುವುದು ನಿಲ್ಲುತ್ತದೆ. ಆ ಅಂಜಿಕೆಗೆ ಮನೆಯವರು ಪರೀಕ್ಷೆಯನ್ನೇ ನಿರಾಕರಿಸುತ್ತಾರೆ. ಆಶಾ ದಿನಚರಿಯಲ್ಲಿ, ಅಂಗನವಾಡಿ ಗೋಡೆಯ ಪಟ್ಟಿಯಲ್ಲಿ ಹೆಸರು ಬರೆಯಬಾರದು. ರೋಗಿಯ ಕೈಗೆ ಲ್ಯಾಮಿನೇಟ್ ಮಾಡಿದ ಚಿಕ್ಕ ಕಾರ್ಡ್ ಕೊಡಿ. ಅದರಲ್ಲಿ ಜಿ6ಪಿಡಿ ಅಂಕಿ, ಪರೀಕ್ಷೆಯ ವಿಧಾನ, ದಿನಾಂಕ ಮತ್ತು ಕೊಡಬಾರದ ಔಷಧಗಳ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಸರಿಯಾದ ಹೊತ್ತಿನಲ್ಲಿ ಅಳೆದ ಅಂಕಿ ಜೀವನಪೂರ್ತಿ ನಡೆಯುತ್ತದೆ. ಗುಳೆ ಹೋದಾಗ ಅಲ್ಲಿನ ವೈದ್ಯರಿಗೆ ತೋರಿಸಲು ಇದಕ್ಕಿಂತ ಉಪಯುಕ್ತ ಕಾಗದ ಇನ್ನೊಂದಿಲ್ಲ.

ಖರೀದಿಯ ಬಗ್ಗೆ ನಮ್ಮ ಸಲಹೆ ಇಷ್ಟು. ಪ್ರಕರಣ ಕಡಿಮೆಯಿರುವ ಜಿಲ್ಲೆಯಲ್ಲಿ ಪಟ್ಟಿಗಳು ಬಳಕೆಯಾಗದೆ ಅವಧಿ ಮೀರುವುದೇ ದೊಡ್ಡ ನಷ್ಟ. ಕಳೆದ ಮೂರು ವರ್ಷಗಳಲ್ಲಿ ವೈವಾಕ್ಸ್ ಅತಿ ಹೆಚ್ಚಿದ್ದ ವರ್ಷದ ಸಂಖ್ಯೆ ತೆಗೆದುಕೊಂಡು, ಮರುಪರೀಕ್ಷೆ, ಕುಟುಂಬದವರ ತಪಾಸಣೆ ಮತ್ತು ನಿಯಂತ್ರಣ ದ್ರಾವಣಕ್ಕೆಂದು ಅದರ ಅರ್ಧದಷ್ಟು ಸೇರಿಸಿ. ಅಷ್ಟನ್ನೂ ಒಂದೇ ಸಲ ತರಿಸದೆ ಎರಡು ಕಂತಿನಲ್ಲಿ ತರಿಸಿ, ಮೊದಲ ಕಂತು ಮುಂಗಾರಿಗೆ ಮುನ್ನ ಬರಲಿ. ಉಪಕೇಂದ್ರಗಳಿಗೆ ಹಂಚುವುದು ಬೇಡ, ತಾಲ್ಲೂಕು ಆಸ್ಪತ್ರೆಯಲ್ಲೇ ಇರಲಿ. ಮೂರು ದಿನದ ಕ್ಲೋರೊಕ್ವಿನ್ ಅವಧಿಯಲ್ಲಿ ರೋಗಿಯನ್ನು ಅಲ್ಲಿಗೆ ಒಮ್ಮೆ ಕರೆತರುವ ಬಸ್ ಖರ್ಚು ಜಿಲ್ಲೆಯಿಂದಲೇ ಸಿಗಲಿ, ಕೂಲಿ ಬಿಟ್ಟು ಬರುವವರ ಕೈಯಿಂದ ಹೋಗದಿರಲಿ. ಒಂದೊಂದು ಆಸ್ಪತ್ರೆಯಲ್ಲಿ ಇಬ್ಬರು ಲ್ಯಾಬ್ ತಂತ್ರಜ್ಞರಿಗೆ ತರಬೇತಿ ಬೇಕು, ಒಬ್ಬರೇ ಇದ್ದರೆ ಅವರ ರಜೆಯ ದಿನ ಪರೀಕ್ಷೆಯೇ ನಿಲ್ಲುತ್ತದೆ. ತರಬೇತಿ ಕೊಡಲು, ಮೊದಲ ತಿಂಗಳ ಫಲಿತಾಂಶಗಳನ್ನು ಮರುಪರಿಶೀಲಿಸಿ ಕೊಡಲು ನಾವು ಸಿದ್ಧರಿದ್ದೇವೆ. ದಿನಾಂಕ ಮತ್ತು ಸ್ಥಳವನ್ನು ತಾವು ಗೊತ್ತುಪಡಿಸಿ ತಿಳಿಸಬೇಕು.

ಇಂತಿ,
ರಾಯಚೂರು ಜಿಲ್ಲೆಯಲ್ಲಿ ಜ್ವರ ಚಿಕಿತ್ಸೆ ಮತ್ತು ರಕ್ತಪರೀಕ್ಷೆಯ ಕೆಲಸದಲ್ಲಿರುವ ವೈದ್ಯರು ಹಾಗೂ ಲ್ಯಾಬ್ ತಂತ್ರಜ್ಞರು